ನಾಯಿ ನಿಂತಲ್ಲಿ ನಿಂತ ಅತ್ತಿಗೆ

ಅತ್ತಿಗೆ ಭಟ್ಟಿಯ ಮುಂದೆ ನಿಂತಿರುವಾಗ ಯಾರೂ ಮಾತನಾಡಬಾರದು ಎಂಬುದು ಆ ಬೇಕರಿಯಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಹಿಟ್ಟು ನಾದುವವನು ಮಾತು ನುಂಗಿಕೊಳ್ಳುತ್ತಿದ್ದ. ಅಚ್ಚುಗಳಿಗೆ ಎಣ್ಣೆ ಸವರುವ ಹೆಂಗಸು ತನ್ನ ಗುನುಗು ನಿಲ್ಲಿಸುತ್ತಿದ್ದಳು. ಯಜಮಾನರು ಕೂಡ ಗಲ್ಲಾಪೆಟ್ಟಿಗೆ ಬಿಟ್ಟು ಒಳಗೆ ಬರುತ್ತಿರಲಿಲ್ಲ. ಇಟ್ಟಿಗೆಯ ಆ ಹಳೆಯ ಭಟ್ಟಿಗೆ ಗಡಿಯಾರವೂ ಇಲ್ಲ, ಶಾಖ ತೋರಿಸುವ ಮುಳ್ಳೂ ಇಲ್ಲ. ಅದರ ಕಬ್ಬಿಣದ ಬಾಗಿಲು ಒಂದು ಮೂಲೆಯಲ್ಲಿ ಸೊಟ್ಟಗಾಗಿ, ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡಿತ್ತು. ಅತ್ತಿಗೆ ಆ ಸಂದಿಗೆ ಮುಖ ತಂದು, ಕಣ್ಣು ಮುಚ್ಚಿ, ಒಳಗಿನ ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂಬುದನ್ನು ಮೂಗಿನಿಂದಲೇ ತೀರ್ಮಾನಿಸುತ್ತಿದ್ದರು. ನಡುವೆ ಬಾಗಿಲು ತೆರೆದು ನೋಡುವುದು ಅವರ ಮಟ್ಟಿಗೆ ಮಹಾಪರಾಧ. ಗಾಳಿ ಸೋಕಿದ ಬ್ರೆಡ್ಡು ಮುನಿಸಿಕೊಂಡ ಅಳಿಯನ ಹಾಗೆ, ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ ಎನ್ನುತ್ತಿದ್ದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಶಾಲೆಯೊಂದರ ಬಸ್ಸು ಓಡಿಸುತ್ತಾನೆ. ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿರುವವನು. ನೀರಿನ ಮೀಟರುಗಳು ಎಷ್ಟು ತಪ್ಪು ತೋರಿಸುತ್ತವೆ ಎಂದು ಪರೀಕ್ಷಿಸುವ ಕಚೇರಿಯಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ವಿಜ್ಞಾನದ ಪುಸ್ತಕ ಓದುತ್ತೇನೆ. "ಇವನಿಗೆ ಹೆಣ್ಣಿನ ಋಣ ಇರಲಿಲ್ಲ, ಪುಸ್ತಕದ ಋಣ ಇತ್ತು" ಎಂದು ಅತ್ತಿಗೆ ನೆಂಟರೆದುರು ನನ್ನನ್ನು ಪರಿಚಯಿಸುವುದುಂಟು.

ಅವರು ಆ ಬೇಕರಿಗೆ ಮೊದಲು ಹೋದದ್ದು ಅಚ್ಚು ತೊಳೆಯಲು. ಆಗ ಭಟ್ಟಿ ನೋಡಿಕೊಳ್ಳುತ್ತಿದ್ದ ಮುದುಕರು ಒಂದು ಸಂಗತಿ ಗಮನಿಸಿದರಂತೆ: ತಾವು ಬಾಗಿಲಿಗೆ ಕೈ ಹಾಕುವ ತುಸು ಮೊದಲೇ ಹಿಂದಿನ ತೊಟ್ಟಿಯ ಬಳಿ ಕೂತ ಈ ಹೆಂಗಸು ತಲೆ ಎತ್ತುತ್ತಾಳೆ. ಮಂಡಿ ಸೋತು ಕೆಲಸ ಬಿಡುವಾಗ ಅವರು ಬ್ರೆಡ್ಡು ಹೊರತೆಗೆಯುವ ಉದ್ದ ಹಿಡಿಯ ಮರದ ಸಲಿಕೆಯನ್ನು ಅತ್ತಿಗೆಯ ಕೈಗೆ ಕೊಟ್ಟರು. ಭಟ್ಟಿಗೆ ಹೆಂಗಸೇ ಎಂದು ಮೂಗು ಮುರಿದವರಿದ್ದರು. ಬ್ರೆಡ್ಡು ತಿಂದ ಮೇಲೆ ಅವರೇ ಸುಮ್ಮನಾದರು. ಹಾಲು ಒಡೆಯುವ ಮುನ್ನಾದಿನವೇ ಅತ್ತಿಗೆಗೆ ಗೊತ್ತಾಗುತ್ತದೆ, ನೆರೆಮನೆಯ ಗ್ಯಾಸು ಸೋರಿದ್ದನ್ನು ನಮ್ಮ ಅಂಗಳದಿಂದಲೇ ಹಿಡಿದರು ಎಂಬಂಥ ಕತೆಗಳು ಬೀದಿಯಲ್ಲಿ ಹುಟ್ಟಿದವು. ಅವುಗಳಲ್ಲಿ ಅರ್ಧವನ್ನು ಉತ್ಪ್ರೇಕ್ಷೆಯೆಂದು ನಾನು ಕಳೆದುಬಿಡುತ್ತಿದ್ದೆ, ಉಳಿದರ್ಧವೇ ಬೆರಗುಗೊಳಿಸುವಷ್ಟಿತ್ತು.

ಆ ಮೂಗು ಒಂದು ಜ್ವರದಲ್ಲಿ ಹೋಯಿತು.

ಜ್ವರ ದೊಡ್ಡದೇನಲ್ಲ. ಮನೆಯಲ್ಲಿ ಎಲ್ಲರಿಗೂ ಬಂತು, ಎಲ್ಲರಿಗೂ ಹೋಯಿತು. ಅತ್ತಿಗೆ ಎದ್ದು ಸ್ನಾನಕ್ಕೆ ಹೋದಾಗ ಸೋಪಿಗೆ ವಾಸನೆ ಇರಲಿಲ್ಲ. ನೆಗಡಿಯಿರಬೇಕು ಎಂದುಕೊಂಡರು. ನೆಗಡಿ ಹೋದ ಮೇಲೂ ಸೋಪು ಕಲ್ಲಿನಂತೆಯೇ ಇತ್ತು. ಅವರು ಯಾರಿಗೂ ಹೇಳಲಿಲ್ಲ. ಭಟ್ಟಿಯ ಮುಂದೆ ಎಂದಿನಂತೆ ನಿಂತರು, ಸಂದಿಗೆ ಮುಖವೊಡ್ಡಿದರು, ಅಂದಾಜಿನ ಮೇಲೆ ಬಾಗಿಲು ತೆರೆದರು. ವರ್ಷಗಳ ಅಭ್ಯಾಸ ಕೈಯಲ್ಲೂ ಇರುತ್ತದಲ್ಲ, ಕೆಲವು ದಿನ ಅದೇ ಅವರನ್ನು ಕಾಪಾಡಿತು.

ಆಮೇಲೊಂದು ಮುಂಜಾನೆ ಯಾರೋ ಸೌದೆ ಬದಲಿಸಿದ್ದರು. ಒಣಗಿದ ಗಟ್ಟಿ ಸೌದೆ. ಭಟ್ಟಿ ಎಂದಿಗಿಂತ ಕಾವೇರಿತು. ಎದುರಿನ ದರ್ಜಿ ಮೂಗಿಗೆ ಬಟ್ಟೆ ಹಿಡಿದು ಅಂಗಡಿಯಿಂದ ಹೊರಬಂದ. ಭಟ್ಟಿಯ ಹಿಂಗೋಡೆಯ ಬಿಸಿಗೆ ಮೈಯೊಡ್ಡಿ ಮಲಗುತ್ತಿದ್ದ ಬೀದಿನಾಯಿ ಎದ್ದು ರಸ್ತೆ ದಾಟಿತು. ಬೇಕರಿಯ ಒಳಗಿದ್ದವರಿಗೆಲ್ಲ ಕರಕಲು ವಾಸನೆ ಬಡಿಯಿತು. ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಅತ್ತಿಗೆ ಸಂದಿಗೆ ಮುಖವಿಟ್ಟು, ಕಣ್ಣು ಮುಚ್ಚಿ, ನಿರಾಳವಾಗಿ ನಿಂತೇ ಇದ್ದರು. ಕೊನೆಗೆ ಬಾಗಿಲು ತೆರೆದಾಗ ಹೊರಬಂದದ್ದು ಇದ್ದಿಲು.

"ಅಲ್ಲಯ್ಯ, ನಿಂಗೆ ಮೂಗಿಲ್ವಾ?" ಎಂದು ಯಜಮಾನರು ನಾದುವವನ ಮೇಲೆ ಹರಿಹಾಯ್ದರು.

"ಇತ್ತು ಸಾರ್. ಅಕ್ಕ ನಿಂತಿದ್ರಲ್ಲ. ಯಾವುದೋ ಹೋಟೆಲಿನವರು ಗಟ್ಟಿ ಕೆಂಪಗೆ ಬೇಯಿಸಿದ್ದು ಕೇಳಿರಬೇಕು ಅಂದ್ಕೊಂಡೆ."

"ಕೆಂಪಾ ಇದು? ನಿನ್ ತಲೆಕೂದಲಿಗಿಂತ ಕಪ್ಪಾಗಿದೆ."

ಎಣ್ಣೆ ಸವರುವ ಹೆಂಗಸು ಮಾತ್ರ ನಿಜ ಹೇಳಿದಳು: "ಅಕ್ಕನ ಮೂಗಿಗೆ ಗೊತ್ತಾಗದ್ದು ನನ್ನ ಮೂಗಿಗೆ ಗೊತ್ತಾಯ್ತು ಅಂತ ನಾನು ಹೆಂಗ್ ಹೇಳ್ಲಿ ಸಾರ್? ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ."

ಒಬ್ಬರ ಪರಿಣತಿಯನ್ನು ಎಲ್ಲರೂ ಇಷ್ಟು ನಂಬಿದ್ದ ಜಾಗದಲ್ಲಿ ಮಾತ್ರ ಇಂಥ ತಪ್ಪು ನಡೆಯಲು ಸಾಧ್ಯ. ಅತ್ತಿಗೆ ಅಂದೇ ಎಲ್ಲರೆದುರು ತಮ್ಮ ಮೂಗು ಸತ್ತಿದೆ ಎಂದು ಒಪ್ಪಿಕೊಂಡರು. ಯಜಮಾನರು ಕೆಟ್ಟವರಲ್ಲ. ಅತ್ತಿಗೆಯನ್ನು ಮಧ್ಯಾಹ್ನದ ಹೊತ್ತು ಅಂಗಡಿಯ ಮುಂಭಾಗದಲ್ಲಿ ವ್ಯಾಪಾರಕ್ಕೆ ಹಾಕಿದರು, ಭಟ್ಟಿಗೆ ಬೇರೆ ಕಡೆಯಿಂದ ಒಬ್ಬನನ್ನು ಕರೆಸಿದರು. "ಭಟ್ಟಿ ಖಾಲಿ ಇಡೋಕಾಗಲ್ಲಮ್ಮ. ಬೇಸಿಗೆ ಕಳೆಯೋವರೆಗೂ ಅವನು ತಾತ್ಕಾಲಿಕ. ಅಷ್ಟರಲ್ಲಿ ನೀನು ಸರಿಹೋದ್ರೆ ಸಲಿಕೆ ನಿಂದು. ಇಲ್ಲ ಅಂದ್ರೆ ಅವನಿಗೆ ಕಾಯಂ ಮಾಡ್ತೀನಿ. ನನ್ನ ಬೈಕೋಬೇಡ."

ಹೊಸ ಭಟ್ಟಿಯವನು ಮಾಡಿದ ಮೊದಲ ಕೆಲಸ ಹಿಂಗೋಡೆಯ ಬಳಿ ಮಲಗಿದ್ದ ನಾಯಿಯ ಮೇಲೆ ನೀರೆರಚಿದ್ದು. ಅತ್ತಿಗೆ ಸಂಜೆ ಮನೆಗೆ ಬಂದಾಗ ಹಿಂದೆ ಆ ನಾಯಿ ಬಂತು. ಬೂದು ಬಣ್ಣದ, ಒಂದು ಕಿವಿ ಮಡಚಿದ ಹೆಣ್ಣುನಾಯಿ. ಬೇಕರಿಯವರು ಅದನ್ನು ಬೂದಿ ಎಂದು ಕರೆಯುತ್ತಿದ್ದರು.

"ಇದ್ಯಾರು?" ಎಂದ ಅಣ್ಣ.

"ಕೆಲಸ ಕಳ್ಕೊಂಡೋಳು. ನನ್ ಹಂಗೇ."

ಅಣ್ಣ ಮಾತಿನ ಮನುಷ್ಯನಲ್ಲ. ಆದರೆ ಮನೆಯ ಗಾಳಿ ತೀರಾ ಭಾರವಾದಾಗ ಏನಾದರೊಂದು ಎಸೆಯುತ್ತಾನೆ. "ಮೂಗಿದ್ದಾಗ ನನ್ನ ಸಾಕ್ಸಿನ ಮೇಲೆ ದಿನಾ ರಾದ್ಧಾಂತ. ಈಗ ಮನೆ ಎಷ್ಟು ಶಾಂತವಾಗಿದೆ ನೋಡು," ಎಂದ. ಅತ್ತಿಗೆ ನಕ್ಕರು, ನಗುತ್ತಲೇ ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಓದಿದ್ದನ್ನು ಅವರಿಗೆ ಹೇಳಿದೆ. ಮೂಗಿನ ಒಳಗೆ ಮೇಲ್ಭಾಗದಲ್ಲಿರುವ ವಾಸನೆಯ ನರಗಳು ಸತ್ತರೂ ಮತ್ತೆ ಚಿಗುರಬಲ್ಲವು, ದಿನವೂ ಬೇರೆ ಬೇರೆ ವಾಸನೆಗಳನ್ನು ಗಮನವಿಟ್ಟು ಮೂಸುವ ಅಭ್ಯಾಸದಿಂದ ಕೆಲವರಿಗೆ ಉಪಯೋಗವಾಗಿದೆ, ಎಲ್ಲರಿಗೂ ಅಲ್ಲ, ಎಷ್ಟು ದಿನ ಹಿಡಿಯುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಹೀಗೆ ಪ್ರತಿ ವಾಕ್ಯಕ್ಕೂ ಒಂದು "ಆದರೆ" ಸೇರಿಸಿಯೇ ಹೇಳಿದೆ.

"ನೀನು ಹಾರೈಸೋದೂ ಷರತ್ತು ಹಾಕಿಯೇ," ಎಂದರು ಅತ್ತಿಗೆ. "ಇರಲಿ ಮೈದುನಪ್ಪ, ಮೂಸೋದು ತಾನೇ? ಈ ಊರಲ್ಲಿ ಮೂಸೋಕೆ ಏನೇನಿದೆ ಅಂತ ನಂಗೂ ನಿಂಗೂ ಏನ್ ಗೊತ್ತು? ಗೊತ್ತಿರೋದು ಇವಳಿಗೆ," ಎಂದು ಬೂದಿಯ ಕುತ್ತಿಗೆಗೆ ಹಗ್ಗ ಕಟ್ಟಿದರು.

ಅವರ ಪದ್ಧತಿ ಸರಳವಾಗಿತ್ತು. ಬೆಳಗಿನ ಹೊತ್ತು ನಾಯಿಯನ್ನು ಒಂದು ಉದ್ಯಾನಕ್ಕೆ ಕರೆದೊಯ್ಯುವುದು, ಅಲ್ಲಿಂದ ಅದು ಎಳೆದತ್ತ ಹೋಗುವುದು, ಅದು ಎಲ್ಲಿ ನಿಂತು ಮೂಸುತ್ತದೋ ಅಲ್ಲಿ ತಾವೂ ಬಗ್ಗಿ ಮೂಸುವುದು. ಐವತ್ತು ದಾಟಿದ, ತುಸು ಸ್ಥೂಲವಾದ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ಕೆರೆಯ ಪಕ್ಕದ ದೊಡ್ಡ ಉದ್ಯಾನದಲ್ಲಿ ಮರದ ಬೇರಿಗೆ ಮುಖ ತಗ್ಗಿಸಿ ಮಂಡಿಯೂರಿ ಕೂತಿದ್ದನ್ನು ಜನ ನಿಂತು ನೋಡಿದರು. ರಜೆಯ ದಿನಗಳಲ್ಲಿ ನಾನೂ ಜೊತೆಗಿರುತ್ತಿದ್ದೆ. ಹತ್ತು ಹೆಜ್ಜೆ ಹಿಂದೆ.

"ಏನಾದ್ರೂ ಕಳ್ಕೊಂಡ್ರೇನಮ್ಮ?" ಎಂದು ಕಾವಲುಗಾರ ಕೋಲು ಕುಟ್ಟುತ್ತ ಬಂದ.

"ಹೌದಪ್ಪ."

"ಏನು?"

"ಮುಖದ ಮೇಲೇ ಇದೆ, ಆದ್ರೂ ಕಳೆದಿದೆ."

ಕಾವಲುಗಾರ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. "ದೊಡ್ಡೋರ ಮಾತು ನಮಗೆ ಅರ್ಥ ಆಗಲ್ಲಮ್ಮ. ಹೂವಿನ ಮಡಿಗೆ ಮಾತ್ರ ನಾಯಿ ಬಿಡಬೇಡಿ," ಎಂದು ಹೊರಟುಹೋದ. ಕೆಲವು ವಾರ ಕಳೆಯುವಷ್ಟರಲ್ಲಿ ಅವನೇ "ಅಲ್ಲಿ ನೆನ್ನೆ ಗೊಬ್ಬರ ಹಾಕಿದ್ದಾರೆ, ಮೂಸಿ ನೋಡ್ತೀರಾ?" ಎಂದು ಕರೆಯತೊಡಗಿದ.

ನಾನು ಈ ಊರಿನಲ್ಲೇ ಹುಟ್ಟಿ ಬೆಳೆದವನು. ಆದರೂ ಆ ಬೇಸಿಗೆಯಲ್ಲಿ ಬೂದಿ ತೋರಿಸಿದ ಊರು ನನಗೆ ಹೊಸತು. ನ್ಯಾಯಾಲಯದ ಹಿಂದೆ ಗುಲಾಬಿಯ ತೋಟವೊಂದಿದೆ. ಬೂದಿಗೆ ಅಲ್ಲಿ ಗುಲಾಬಿಯ ಮೇಲೆ ಕಿಂಚಿತ್ತೂ ಆಸಕ್ತಿಯಿಲ್ಲ, ಇದ್ದ ಆಸಕ್ತಿಯೆಲ್ಲ ವಕೀಲರು ಕೂತು ಊಟ ಮಾಡುವ ಕಲ್ಲುಬೆಂಚಿನ ಕೆಳಗೆ. ರೈಲುಹಳಿಯ ಪಕ್ಕದ ಉದ್ದನೆಯ ಉದ್ಯಾನದ ತುದಿಯಲ್ಲಿ ಒಬ್ಬ ಮರಳಿನಲ್ಲಿ ಕಡಲೆಕಾಯಿ ಹುರಿಯುತ್ತಾನೆ. ಮಕ್ಕಳ ಉದ್ಯಾನದ ಗೇಟಿನಲ್ಲಿ ಒಬ್ಬಳು ಕೆಂಡದ ಮೇಲೆ ಜೋಳದ ತೆನೆ ಸುಡುತ್ತಾಳೆ, ಅವಳ ಪಕ್ಕದಲ್ಲೇ ಐಸ್‌ಕ್ರೀಮಿನ ಗಾಡಿ. ಹಳೆಯ ಗ್ರಂಥಾಲಯದ ಮುಂದಿನ ಹುಲ್ಲುಹಾಸಿನಾಚೆ ಕಾಫಿಬೀಜ ಹುರಿಯುವ ಅಂಗಡಿ. ಅತ್ತಿಗೆ ಎಲ್ಲ ಕಡೆಯೂ ಏನಾದರೊಂದು ಕೊಳ್ಳುತ್ತಿದ್ದರು. ಅರ್ಧ ಬೂದಿಗೆ, ಅರ್ಧ ತಮಗೆ. ಚಾಕೊಲೇಟೂ ದ್ರಾಕ್ಷಿಯೂ ನಾಯಿಗೆ ವಿಷ ಎಂದು ನಾನು ಹೇಳಿದ ಮೇಲೆ ಆ ಎರಡನ್ನು ಮಾತ್ರ ನನಗೆ ಕೊಡುತ್ತಿದ್ದರು.

ಬಿಸಿ ತೆನೆ ಕಚ್ಚಿದರೆ ಅವರಿಗೆ ಬಿಸಿ ತಿಳಿಯುತ್ತಿತ್ತು, ಉಪ್ಪು ತಿಳಿಯುತ್ತಿತ್ತು. ಜೋಳ ತಿಳಿಯುತ್ತಿರಲಿಲ್ಲ. "ಹಲ್ಲಿಗೆ ಹಬ್ಬ, ಮೂಗಿಗೆ ಉಪವಾಸ," ಎನ್ನುತ್ತಿದ್ದರು.

ಒಂದು ಸಂಜೆ ನಾನು ಮುಚ್ಚಿದ ಸಣ್ಣ ಸೀಸೆಗಳನ್ನು ಸಿದ್ಧ ಮಾಡಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷಿಸಿದೆ. ಲವಂಗ, ನಿಂಬೆಯ ಸಿಪ್ಪೆ, ಸೀಮೆಎಣ್ಣೆ, ಬರಿಯ ನೀರು. ಅವರ ಉತ್ತರಗಳು ಕಣ್ಣು ಮುಚ್ಚಿ ಕಲ್ಲೆಸೆದಂತಿದ್ದವು. ನೀರಿನ ಸೀಸೆಗೆ "ಲವಂಗ, ಖಂಡಿತಾ ಲವಂಗ" ಎಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ: ಇಷ್ಟು ದಿನದ ಅಭ್ಯಾಸದಿಂದ ಈವರೆಗೆ ಏನೂ ಆಗಿಲ್ಲ.

ಅತ್ತಿಗೆ ಬಟ್ಟೆ ಬಿಚ್ಚಿ ಸೀಸೆಗಳನ್ನು ನೋಡಿದರು. "ನೀನು ಮೈದುನನೋ ಪರೀಕ್ಷಾಧಿಕಾರಿಯೋ?"

"ಸುಳ್ಳು ಸಮಾಧಾನ ಬೇಕಾದ್ರೆ ಅಣ್ಣನ್ನ ಕೇಳಿ."

"ಅವರಿಗೆ ಸುಳ್ಳು ಹೇಳೋಕೂ ಬರಲ್ಲ," ಎಂದು ಎದ್ದರು. ಮರುದಿನ ಬೆಳಿಗ್ಗೆ ನಾನು ಕಿಟಕಿಯಿಂದ ನೋಡಿದಾಗ ಹಗ್ಗದ ಒಂದು ತುದಿಯಲ್ಲಿ ಬೂದಿ, ಇನ್ನೊಂದು ತುದಿಯಲ್ಲಿ ಅತ್ತಿಗೆ, ಬೀದಿಯ ತಿರುವಿನಲ್ಲಿ ಮರೆಯಾಗುತ್ತಿದ್ದರು. ನನ್ನ ಮೆಚ್ಚುಗೆ ನಿಜವಾಗಿ ಶುರುವಾದದ್ದು ಅಂದಿನಿಂದ. ಫಲ ಸಿಗುತ್ತದೆಂಬ ನಂಬಿಕೆಯಿಂದ ದುಡಿಯುವವರು ಬೇಕಾದಷ್ಟಿದ್ದಾರೆ. ಫಲವಿಲ್ಲವೆಂದು ಕಣ್ಣಾರೆ ಕಂಡ ಮರುದಿನವೂ ಅದೇ ಹೊತ್ತಿಗೆ ಎದ್ದು ಹೊರಡುವವರು ಕಡಿಮೆ.

ವಾಸನೆ ಮರಳಿದ್ದು ಕಾಫಿಬೀಜದ ಅಂಗಡಿಯ ಮುಂದೆ. ಅಂದು ನಾನಿದ್ದೆ. ಒಳಗೆ ಹುರಿಯುವ ಯಂತ್ರ ತಿರುಗುತ್ತಿತ್ತು. ಅತ್ತಿಗೆ ಇದ್ದಕ್ಕಿದ್ದಂತೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಯಾರೋ ರಬ್ಬರ್ ಸುಡ್ತಿದ್ದಾರೆ."

"ಇಲ್ಲ ಅತ್ತಿಗೆ. ಕಾಫಿ."

ಅವರು ಸೆರಗು ಸರಿಸಿದರು, ಮತ್ತೆ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೋ ಹೇಸಿಗೆಗೋ ಅವರಿಗೂ ತಿಳಿದಿರಲಿಲ್ಲ. ಅಂಗಡಿಯ ಮುಂದೆಯೇ ಬಗ್ಗಿ ಬೂದಿಯ ತಲೆ ಹಿಡಿದು, "ಬಂತು ಕಣೇ, ದರಿದ್ರ ವೇಷ ಹಾಕ್ಕೊಂಡು ಬಂತು," ಎಂದರು.

ಆ ವೇಷ ಕಳಚಲಿಲ್ಲ. ಹುರಿದ ಕಡಲೆಕಾಯಿ ಒದ್ದೆ ಕೂದಲಾಯಿತು. ಸುಟ್ಟ ತೆನೆ ತುಕ್ಕುಹಿಡಿದ ಕಬ್ಬಿಣವಾಯಿತು. ಬ್ರೆಡ್ಡು, ಅವರ ಬದುಕಿನ ಬ್ರೆಡ್ಡು, ಕೊಳೆತ ಈರುಳ್ಳಿಯಾಯಿತು. ಮಧ್ಯಾಹ್ನವಿಡೀ ಆ ಈರುಳ್ಳಿಯ ನಡುವೆ ನಿಂತು ನಗುಮುಖದಿಂದ ಗಿರಾಕಿಗಳಿಗೆ ಪೊಟ್ಟಣ ಕಟ್ಟುತ್ತಿದ್ದರು. ಮನೆಯಲ್ಲಿ ತಣ್ಣಗಿನ ಆಲೂಗಡ್ಡೆ, ಸೌತೆಕಾಯಿ, ಹಾಲು ಬಿಟ್ಟು ಬೇರೇನನ್ನೂ ತಿನ್ನಲಾಗದೆ ಸೊರಗಿದರು. ಅಣ್ಣ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿಬಿಟ್ಟ. ಅವನು ಒಂದು ಮಾತೂ ಆಡದೆ ಬೇಯಿಸಿದ ತರಕಾರಿ ತಿನ್ನುವುದನ್ನು ನೋಡಿ ನನಗೆ ಆ ದಾಂಪತ್ಯದ ಬಗ್ಗೆ ಹಲವು ವರ್ಷಗಳಲ್ಲಿ ತಿಳಿಯದಿದ್ದದ್ದು ತಿಳಿಯಿತು.

ಹೀಗಾಗುವುದುಂಟು ಎಂದು ಓದಿದ್ದೆ. ಚಿಗುರುವ ನರಗಳು ತಮ್ಮ ಹಳೆಯ ಜಾಗ ಹುಡುಕುವಾಗ ದಾರಿ ತಪ್ಪುತ್ತವೆ, ಸಂದೇಶಗಳು ಅದಲುಬದಲಾಗುತ್ತವೆ ಎಂಬುದೊಂದು ವಿವರಣೆ. ಅನೇಕರಲ್ಲಿ ನಿಧಾನವಾಗಿ ಸರಿಹೋಗುತ್ತದೆ. "ಪೂರ್ತಿ ಸರಿಹೋಗುತ್ತೆ, ಬೇಸಿಗೆ ಕಳೆಯೋದ್ರೊಳಗೆ ಹೋಗುತ್ತೆ ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ ಅತ್ತಿಗೆ," ಎಂದೆ.

ಅವರು ಬೂದಿಯ ಮಡಚಿದ ಕಿವಿ ನೇವರಿಸಿದರು. ಆಮೇಲೆ ಕೇಳಿದರು:

"ತಪ್ಪು ವಾಸನೆ ಅಂದ್ಯಲ್ಲ. ದಿನಾ ಒಂದೇ ತಪ್ಪಾ, ದಿನಕ್ಕೊಂದು ತಪ್ಪಾ?"

ನಾನು ಮೀಟರುಗಳ ನಡುವೆ ಬದುಕುವವನು. ಒಂದು ಮೀಟರು ಪ್ರತಿಸಲವೂ ಅಷ್ಟೇ ಹೆಚ್ಚು ತೋರಿಸಿದರೆ ಅದನ್ನು ಎಸೆಯಬೇಕಾಗಿಲ್ಲ. ತಪ್ಪಿನ ಅಳತೆ ಗೊತ್ತಿದ್ದರೆ ಸಾಕು, ಅದರಿಂದಲೇ ಸರಿಯಾದ ಲೆಕ್ಕ ಸಿಗುತ್ತದೆ. ಇಂದೊಂದು ನಾಳೆಯೊಂದು ತೋರಿಸುವುದೇ ನಿಜವಾಗಿ ಕೆಟ್ಟ ಮೀಟರು. ಇದನ್ನೇ ಅವರಿಗೆ ಹೇಳಿದೆ.

"ಹಂಗಾದ್ರೆ ನಂದು ಕೆಟ್ಟಿಲ್ಲ," ಎಂದರು ಅತ್ತಿಗೆ. "ಕಾಫಿ ಅವತ್ತಿಂದ ಇವತ್ತಿನವರೆಗೂ ರಬ್ಬರೇ. ಒಂದು ದಿನನೂ ಮಾತು ಬದಲಿಸಿಲ್ಲ."

ಮರುದಿನದಿಂದ ಅವರ ಪ್ರಯಾಣಕ್ಕೆ ಹೊಸ ಗುರಿ ಬಂತು. ಊರಿನ ಇನ್ನೊಂದು ತುದಿಯಲ್ಲಿ ಮೂರು ರಸ್ತೆ ಕೂಡುವಲ್ಲಿ ತ್ರಿಕೋನಾಕಾರದ ಪುಟ್ಟ ಉದ್ಯಾನವಿದೆ. ಎರಡು ಬೆಂಚು, ಒಂದು ಕೆಟ್ಟ ಕಾರಂಜಿ, ನಾಲ್ಕಾರು ಮರ. ಅದರ ಬೆನ್ನಿಗೆ ಬೇರೊಂದು ಬೇಕರಿಯ ಹಿಂಬಾಗಿಲು. ಅಲ್ಲೂ ಇಟ್ಟಿಗೆಯ ಭಟ್ಟಿ. ಅದನ್ನು ಹುಡುಕಿಕೊಟ್ಟದ್ದು ಬೂದಿಯೇ. ಒಮ್ಮೆ ಹಗ್ಗ ಎಳೆದುಕೊಂಡು ಹೋಗಿ ಆ ಬಾಗಿಲ ಮುಂದೆ ಕೂತುಬಿಟ್ಟಿತ್ತು. ಅತ್ತಿಗೆ ಈಗ ದಿನವೂ ಆ ಬೆಂಚಿನ ಮೇಲೆ ಕೂತು, ಬ್ರೆಡ್ಡು ಒಳಗೆ ಹೋದಾಗಿನಿಂದ ಹೊರಬರುವವರೆಗೆ ತಮ್ಮ ಮೂಗಿಗೆ ಬರುವ ತಪ್ಪುಗಳನ್ನು ಒಂದೊಂದಾಗಿ ಹಿಂಬಾಲಿಸತೊಡಗಿದರು. ಮೊದಲು ಒದ್ದೆ ರಟ್ಟು. ಆಮೇಲೆ ಈರುಳ್ಳಿ, ನಿಧಾನವಾಗಿ ಕೊಳೆಯುತ್ತ. ಆಮೇಲೆ ಈರುಳ್ಳಿಯ ಕೆಳಗಿನಿಂದ ಏನೋ ತೆಳ್ಳಗಿನದು, ಹಳೆಯ ನಾಣ್ಯ ಉಜ್ಜಿದ ಬೆರಳಿನಂಥದ್ದು. ಹಿಂಬಾಗಿಲು ತೆರೆದು ತಟ್ಟೆಗಳು ಹೊರಬರುವಾಗ ಎದ್ದು ಹೋಗಿ ಒಂದು ಬನ್ನು ಕೊಳ್ಳುವುದು, ಅದರ ಬಣ್ಣ ನೋಡುವುದು, ಬುಡ ತಟ್ಟಿ ಸದ್ದು ಕೇಳುವುದು, ಬೂದಿಗೆ ಕೊಡುವುದು.

"ಬಂದ್ರಾ ನಾಯಮ್ಮ?" ಎಂದು ಅಲ್ಲಿನ ಮಾರಾಟದ ಹೆಂಗಸು ನಗುತ್ತಿದ್ದಳು. "ನಿಮ್ ನಾಯಿಗೆ ಇರೋ ಯೋಗ ನಮ್ಮೆಜಮಾನ್ರಿಗಿಲ್ಲ. ಅವರಿಗೆ ನೆನ್ನೆದೇ ಗತಿ."

ಅಲ್ಲಿ ಅತ್ತಿಗೆ ಒಂದು ವಿಷಯ ಕಂಡುಕೊಂಡರು. ಬೆಂಚಿನ ಕೆಳಗೆ ಮಲಗಿರುವ ಬೂದಿ, ತಟ್ಟೆ ಹೊರಬರುವ ಸ್ವಲ್ಪ ಮೊದಲು ತಾನಾಗಿ ಎದ್ದು ನಿಲ್ಲುತ್ತದೆ. ಎಂದರೆ ಬೆಂದ ಗಳಿಗೆ ಅದಕ್ಕೆ ತಿಳಿಯುತ್ತದೆ. ಅದು ಎದ್ದಾಗ ತಮ್ಮ ಮೂಗಿನಲ್ಲಿ ಏನಿದೆಯೋ ಅದೇ ಬೆಂದ ಬ್ರೆಡ್ಡಿನ ಗುರುತು ಎಂಬುದು ಅವರ ತರ್ಕ. ಸಡಗರದಿಂದ ನನಗೆ ಹೇಳಿದರು.

ನಾನು ತಣ್ಣೀರೆರಚಬೇಕಾಯಿತು. "ಅದು ವಾಸನೆಗೇ ಏಳುತ್ತೆ ಅಂತ ಹೆಂಗೆ ಗೊತ್ತು? ಒಳಗೆ ಭಟ್ಟಿಯವನ ಚಪ್ಪಲಿ ಸದ್ದು, ಸಲಿಕೆ ಎತ್ತೋ ಸದ್ದು ಕೇಳಿರಬಹುದು. ನಾಯಿ ಕಿವಿನೂ ಕಡಿಮೆಯದ್ದಲ್ಲ. ಇನ್ನೊಂದು, ನೀವು ಅದನ್ನ ನೋಡ್ತಾ ಕೂತಿದ್ರೆ, ಅದು ಎದ್ದ ಮೇಲೆ ನಿಮಗೆ ಬೇಕಾದ ವಾಸನೆ ಬಂದಂಗೆ ಅನ್ಸುತ್ತೆ. ನೀರಿನ ಸೀಸೆಗೆ ಲವಂಗ ಅಂದಿದ್ದು ನೆನಪಿದೆಯಾ?"

ಅತ್ತಿಗೆಗೆ ಮೂಗಿನ ತುದಿಗೆ ಕೋಪ ಬಂತು. "ಕಟ್ಟೋ ಮನೆಗೆ ಕೊಡಲಿ ಪೆಟ್ಟು ಹಾಕೋಕೆ ಹುಟ್ಟಿದ್ದೀಯ ನೀನು. ಹೇಳು ಮತ್ತೆ, ಏನ್ ಮಾಡ್ಲಿ?"

"ನಾಯಿಗೆ ಬೆನ್ನು ತಿರುಗಿಸಿ ಕೂತ್ಕೊಳ್ಳಿ. ಬೆಂದಿದೆ ಅಂತ ಅನ್ಸಿದಾಗ ಗಟ್ಟಿಯಾಗಿ 'ಈಗ' ಅನ್ನಿ. ನಾಯಿ ಯಾವಾಗ ಎದ್ದಿತು ಅಂತ ನಾನು ನೋಡ್ತೀನಿ. ನಿಮ್ಮ 'ಈಗ' ಅದಕ್ಕಿಂತ ಮೊದಲು ಬಂದ್ರೆ ನಂಬ್ತೀನಿ."

ಹಾಗೆ ಒಂದು ವಿಚಿತ್ರ ದೃಶ್ಯ ಆ ತ್ರಿಕೋನ ಉದ್ಯಾನಕ್ಕೆ ಸೇರಿಕೊಂಡಿತು. ಕಾರಂಜಿಯತ್ತ ಮುಖ ಮಾಡಿ ಅತ್ತಿಗೆ. ಅವರ ಬೆನ್ನ ಹಿಂದೆ ನಾಯಿ. ಕಚೇರಿಗೆ ಹೋಗುವ ಮುನ್ನ ದಿನವೂ ಬಂದು ನಾಯಿಯನ್ನೇ ದಿಟ್ಟಿಸುವ ನಾನು. ಮೊದಮೊದಲು "ಈಗ" ಎಂಬುದು ನಾಯಿ ಎದ್ದು ಬಾಗಿಲು ತಲುಪಿದ ಮೇಲೆ ಬರುತ್ತಿತ್ತು. ಕೆಲವೊಮ್ಮೆ ತೀರಾ ಮುಂಚೆ ಬಂದು, "ಈಗ... ಅಲ್ಲ, ತಡಿ, ಈರುಳ್ಳಿ ಇನ್ನೂ ಹಸಿ" ಎಂದು ಹಿಂದೆಗೆದುಕೊಳ್ಳುತ್ತಿತ್ತು. ನಾಯಿಯಂತೆ ಸಣ್ಣ ಸಣ್ಣ ಉಸಿರೆಳೆದು ಮೂಸುವುದನ್ನು ಅವರು ತಾವೇ ಕಲಿತರು; ಒಂದೇ ದೀರ್ಘ ಉಸಿರಿಗಿಂತ ಹಾಗೆ ಮಾಡಿದರೆ ವಾಸನೆಯ ಏರಿಳಿತ ಸಿಗುತ್ತದೆಂದರು. ದಿನಗಳು ಕಳೆದಂತೆ ಆ ಎರಡು ಗಳಿಗೆಗಳು ಹತ್ತಿರ ಬಂದವು. ಒಂದು ಬೆಳಿಗ್ಗೆ ಅತ್ತಿಗೆ "ಈಗ" ಎಂದಾಗ ಬೂದಿ ಇನ್ನೂ ಮಲಗಿಯೇ ಇತ್ತು. ನಾನು ಅದರ ಮಡಚಿದ ಕಿವಿಯನ್ನು ನೋಡುತ್ತಿದ್ದಂತೆ ಅದು ಕದಲಿತು, ತಲೆ ಎದ್ದಿತು, ಆಮೇಲೆ ನಾಯಿ ಎದ್ದಿತು, ಆಮೇಲೆ ಬಾಗಿಲು ತೆರೆಯಿತು.

ಅದು ಆಕಸ್ಮಿಕವಿರಬಹುದು ಎಂದು ಮರುದಿನವೂ ನೋಡಿದೆ, ಅದರ ಮರುದಿನವೂ ನೋಡಿದೆ. ಆಕಸ್ಮಿಕವಲ್ಲ.

ಬೇಸಿಗೆಯ ಕೊನೆಗೆ ಅತ್ತಿಗೆ ಯಜಮಾನರ ಮುಂದೆ ನಿಂತು, "ಒಂದು ಸಲದ ಭಟ್ಟಿ ನನಗೆ ಬಿಟ್ಟುಕೊಡಿ. ಕೆಟ್ರೆ ನಾನೇ ಆಚೆ ಹೋಗ್ತೀನಿ, ನೀವು ಹೇಳೋದು ಬೇಡ," ಎಂದರು.

"ಮೂಗು ಬಂತಾ?"

"ಬಂದಿದೆ. ಹಳೇದಲ್ಲ."

ಯಜಮಾನರಿಗೆ ಅರ್ಥವಾಗಲಿಲ್ಲ. ಆದರೂ ಒಪ್ಪಿದರು. ಆ ಮುಂಜಾನೆ ಬೂದಿಯ ಹಗ್ಗ ಹಿಡಿದು ಎದುರಿನ ದರ್ಜಿಯ ಜಗಲಿಯಲ್ಲಿ ಕೂತಿರುವಂತೆ ಅತ್ತಿಗೆಯೇ ನನಗೆ ಹೇಳಿದರು. ನಾಯಿ ನೋಡಿ ಬಾಗಿಲು ತೆಗೆದಳು ಎಂಬ ಮಾತು ಬರಬಾರದೆಂದು. ಆದ್ದರಿಂದ ಮುಂದಿನದನ್ನು ನಾನು ಕಂಡದ್ದು, ಕೇಳಿದ್ದು ಕಿರಿದಾದ ಆ ರಸ್ತೆಯಾಚೆಯಿಂದ, ತೆರೆದ ಬಾಗಿಲ ಮೂಲಕ.

ಹೊಸ ಭಟ್ಟಿಯವನು ಕೈಕಟ್ಟಿ ಗೋಡೆಗೊರಗಿದ್ದ. ನಾದುವವನೂ ಎಣ್ಣೆ ಸವರುವ ಹೆಂಗಸೂ ಕೆಲಸ ಬಿಟ್ಟು ನಿಂತಿದ್ದರು. ಅತ್ತಿಗೆ ಸಂದಿಗೆ ಮುಖ ತಂದರು. ಮೊದಲಿನ ಹಾಗೆ ನಿಶ್ಚಲವಾಗಿ ಅಲ್ಲ. ಭುಜಗಳು ಸಣ್ಣಗೆ ಅಲುಗುತ್ತಿದ್ದವು, ಮುಖದಲ್ಲಿ ಹೇಸಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಒಂದೆರಡು ಸಲ ವಾಕರಿಕೆ ತಡೆದು ಬೇರೆಡೆಗೆ ಹೊರಳಿ ಮತ್ತೆ ಸಂದಿಗೇ ಮರಳಿದರು. ಬೇರೆ ಯಾರಿಗಾದರೂ ಇದು ಮುಖ ತಿರುಗಿಸಿ ಓಡುವ ಜಾಗ. ಅವರು ಕೊಳೆತದ್ದರ ಒಳಗೆ ಇಳಿದು, ಅದರ ತಳದಲ್ಲಿರುವ ಆ ತೆಳ್ಳಗಿನ ಎಳೆಗಾಗಿ ಕಾಯುತ್ತಿದ್ದರು.

ಅವರ ಕೈ ಸಲಿಕೆಯತ್ತ ಹೋಯಿತು.

"ಇನ್ನೂ ಸ್ವಲ್ಪ ಬೇಕು," ಎಂದ ಹೊಸ ಭಟ್ಟಿಯವನು.

ಅತ್ತಿಗೆ ತಿರುಗಿಯೂ ನೋಡದೆ ಬಾಗಿಲು ಎಳೆದರು.

ಯಜಮಾನರು ಒಂದು ಬ್ರೆಡ್ಡು ಎತ್ತಿ ಬುಡ ತಟ್ಟಿದರು. ಮುರಿದರು. ನೋಡಿದರು. ಇನ್ನೊಂದನ್ನು, ಭಟ್ಟಿಯ ಹಿಂಮೂಲೆಯದನ್ನು, ಮುರಿದರು. ಅದರ ಚೂರನ್ನು ಹೊಸ ಭಟ್ಟಿಯವನಿಗೂ ಕೊಟ್ಟರು. ಅವನು ಅಗಿದ. ಕಟ್ಟಿದ್ದ ಕೈ ಬಿಚ್ಚಿ, "ಸರಿಯಾಗಿದೆ," ಎಂದ. ಕೆಟ್ಟ ಕೆಲಸಗಾರನಲ್ಲ ಅವನು.

"ಏನ್ ವಾಸನೆ ಬಂತಮ್ಮ ನಿಂಗೆ?" ಎಂದರು ಯಜಮಾನರು.

"ಕೊಳೆತ ಈರುಳ್ಳಿ. ಕಡೆಗೆ ತಾಮ್ರದ ದುಡ್ಡು."

ಯಜಮಾನರು ಕೈಯಲ್ಲಿದ್ದ ಬ್ರೆಡ್ಡನ್ನು ಅನುಮಾನದಿಂದ ಮೂಸಿ ನೋಡಿದರು. ನಾದುವವನು ನಕ್ಕುಬಿಟ್ಟ. "ಅಕ್ಕಾ, ಗಿರಾಕಿಗಳ ಮುಂದೆ ಮಾತ್ರ ಹೇಳ್ಬೇಡಿ!"

ತೀರ್ಮಾನ ಅರ್ಧಂಬರ್ಧವಾಗಿತ್ತು. ಬ್ರೆಡ್ಡೂ ಬನ್ನೂ ಅತ್ತಿಗೆಯದು, ಸಲಿಕೆ ಅವರದು. ಬಿಸ್ಕತ್ತು ಮತ್ತು ಕೇಕು ಸದ್ಯಕ್ಕೆ ಹೊಸಬನದು, ಏಕೆಂದರೆ ಅವುಗಳ ವಾಸನೆಯ ಲೆಕ್ಕ ಅತ್ತಿಗೆಗೆ ಇನ್ನೂ ಗೊತ್ತಿಲ್ಲವೆಂದು ಅವರೇ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಿದ್ದರೆ ಆ ಹೊತ್ತಿನಲ್ಲಿ ಯಜಮಾನರು ಅದನ್ನೂ ಕೊಟ್ಟುಬಿಡುತ್ತಿದ್ದರು. ಹಾಗೆ ಹೇಳದಿದ್ದುದು ನನ್ನ ಕಣ್ಣಿಗೆ ಬ್ರೆಡ್ಡು ಬೇಯಿಸಿದ್ದಕ್ಕಿಂತ ದೊಡ್ಡದಾಗಿ ಕಂಡಿತು.

ಅವರು ಬೆವರು ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದರು. ಬೂದಿ ಅವರ ಕೈಯ ಹಿಟ್ಟು ನೆಕ್ಕತೊಡಗಿತು. ದರ್ಜಿ ಕೂರಲು ಸ್ಟೂಲು ಹಾಕಿದ. ಅತ್ತಿಗೆ ಕೂರಲಿಲ್ಲ.

"ಮೈದುನಪ್ಪ, ಬಿಸ್ಕತ್ತು ಮಾಡೋ ಕಡೆ ಯಾವುದಾದ್ರೂ ಪಾರ್ಕಿದೆಯಾ?"

"ವಿಚಾರಿಸ್ಬೇಕು."

"ನೀನು ವಿಚಾರಿಸೋಷ್ಟರಲ್ಲಿ ಇವಳೇ ಹುಡುಕ್ತಾಳೆ," ಎಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು. ಬೂದಿ ಒಂದು ಕ್ಷಣ ಎಡಕ್ಕೂ ಬಲಕ್ಕೂ ಮೂತಿ ತಿರುಗಿಸಿ, ಎಡಕ್ಕೆ ಎಳೆಯಿತು.